ಚಾಕು ಹಿಡಿಗೆ ಉಕ್ಕಿನ ಟೆಂಪ್ಲೇಟ್: ಯಾವ ಉಕ್ಕು? ಗಟ್ಟಿ ಮಾಡಲೇಬೇಕಾ?

ಹಿಡಿಹುಚ್ಚ:
ಚಾಕುಗಳಿಗೆ ಮರದ ಹಿಡಿ ಮಾಡುತ್ತೇನೆ, ಎರಡು ಹೋಳು ಅಂಟಿಸಿ ಪಿನ್ ಹೊಡೆಯುವ ಥರದ್ದು. ಮೊದಲು ಪ್ಲೈವುಡ್ ಟೆಂಪ್ಲೇಟ್ ಇತ್ತು, ಅಂದರೆ ಮರಕ್ಕೆ ಬಿಗಿದು ಅದರ ಅಂಚಿನವರೆಗೆ ಮರ ಉಜ್ಜುವ ಅಳತೆಪಟ್ಟಿ. ಹದಿನೈದು ಹಿಡಿ ಆದಮೇಲೆ ಮೊದಲನೆಯದರ ಪಕ್ಕ ಹೊಸದನ್ನಿಟ್ಟು ನೋಡಿದರೆ ಹೊಸದು ಬಡಕಲಾಗಿದೆ! ಬೆಲ್ಟ್ ಸ್ಯಾಂಡರ್ (ಉಪ್ಪುಕಾಗದದ ಪಟ್ಟಿ ತಿರುಗಿ ಉಜ್ಜುವ ಯಂತ್ರ) ಪ್ರತಿ ಸಲ ಮರದ ಜೊತೆ ಟೆಂಪ್ಲೇಟನ್ನೂ ಒಂದು ಚೂರು ತಿನ್ನುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಆಮೇಲೆ 2 ಮಿ.ಮೀ. ಮೈಲ್ಡ್ ಸ್ಟೀಲ್‌ನಲ್ಲಿ (ಮೆದು ಉಕ್ಕು) ಮಾಡಿದೆ. ಬೆರಳು ಕೂರುವ ತಗ್ಗಿನ ಹತ್ತಿರ ಅದೂ ಸವೆದಿದೆ. ಗಟ್ಟಿ ಉಕ್ಕು ಹಾಕಿದರೆ ಸರಿಹೋಗುತ್ತಾ? ಚಿಕ್ಕ ಗ್ಯಾಸ್ ಕುಲುಮೆ ಇದೆ, ಶಾಖ ತೋರಿಸುವ ಮೀಟರ್ ಇಲ್ಲ.

ಅರಗರಗಸ:
ಓ-1 ಟೂಲ್ ಸ್ಟೀಲ್ (ಕಾಯಿಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುವ ಉಕ್ಕು), 3 ಮಿ.ಮೀ. ಪಟ್ಟಿ ತಗೊಳ್ಳಿ. ಮೇಲ್ಮೈಗೆ ಮೈಲುತುತ್ತದ ನೀರು ಸವರಿದರೆ ತಾಮ್ರದ ಬಣ್ಣ ಕೂರುತ್ತದೆ, ಅದರ ಮೇಲೆ ಗೀಚಿದ ಗೆರೆ ಚೆನ್ನಾಗಿ ಕಾಣುತ್ತದೆ. ತೂತು ಮೊದಲು ಕೊರೆದುಬಿಡಿ, ಗಟ್ಟಿಯಾದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಇಳಿಯುವುದಿಲ್ಲ. ಅಂಚನ್ನು ಅರದಲ್ಲಿ ತಿದ್ದಿ, ಕೊನೆಗೆ ಉದ್ದಕ್ಕೆ ಎಳೆದು ನಯ ಮಾಡಿ, ಯಾಕೆಂದರೆ ಅಲ್ಲಿ ಉಳಿದ ಒಂದು ಗೀರು ಎಲ್ಲ ಹಿಡಿಗಳಲ್ಲೂ ಬರುತ್ತದೆ.

ಇನ್ನು ಗಟ್ಟಿ ಮಾಡಲು ಕುಲುಮೆಯಲ್ಲಿ ಕಾಯಿಸುವಾಗ ಮೀಟರ್ ಇಲ್ಲದಿದ್ದರೆ ಅಯಸ್ಕಾಂತ ಸಾಕು. ಸುಮಾರು 770 ಡಿಗ್ರಿಗೆ ಉಕ್ಕು ಅಂಟುವುದನ್ನು ಬಿಡುತ್ತದೆ, ಅಲ್ಲಿಂದ ಸ್ವಲ್ಪ ಮೇಲಕ್ಕೆ, 800ರ ಆಸುಪಾಸು ತಂದು ಕೆಲವು ನಿಮಿಷ ಹಿಡಿದು ಬೆಚ್ಚಗಿನ ಎಣ್ಣೆಗೆ ನೆಟ್ಟಗೆ ಇಳಿಸಿ. ನೀರು ಬೇಡ, ಬಿರುಕು ಬಿಡಬಹುದು. ಎಣ್ಣೆಗೆ ಬೆಂಕಿ ಹತ್ತೀತು, ಪಕ್ಕದಲ್ಲಿ ಕಬ್ಬಿಣದ ಮುಚ್ಚಳ ಇರಲಿ. ಕೈಗೆ ಬಿಸಿ ತಾಳುವಷ್ಟು ಆರಿದ ಕೂಡಲೇ 200 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು ಹದ ಮಾಡಿ. ಹಾಗೇ ಬಿಟ್ಟರೆ ಗಾಜಿನ ಥರ, ಕೈಜಾರಿ ಬಿದ್ದರೂ ಒಡೆಯಬಹುದು.

ಧೂಳುಮೂಗು:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಪ್ರಶ್ನೆ ಬೆಲ್ಟಿನದು ಅಲ್ವಾ? ಗಟ್ಟಿ ಉಕ್ಕಿನ ಮೇಲೆ ಅರ ಜಾರುತ್ತದೆ, ಬೆಲ್ಟ್ ಜಾರುವುದಿಲ್ಲ. ಅದು ಗಟ್ಟಿ ಉಕ್ಕನ್ನೂ ತಿನ್ನುತ್ತದೆ, ಸ್ವಲ್ಪ ನಿಧಾನಕ್ಕೆ ಅಷ್ಟೇ. ಚಾಕುವಿನ ಅಲಗನ್ನೇ ಅದರಲ್ಲಿ ಉಜ್ಜುತ್ತಾರಲ್ಲ!

ಬೆಲ್ಟಿನಲ್ಲಿ ಗೆರೆಗಿಂತ ಅರ್ಧ ಮಿ.ಮೀ. ಹೊರಗೇ ನಿಲ್ಲಿಸಿ. ಆಮೇಲೆ ಎರಡು ಟೆಂಪ್ಲೇಟ್ ನಡುವೆ ಮರ ಇಟ್ಟು, ಪಿನ್ ಹಾಕಿ, ವೈಸ್‌ನಲ್ಲಿ ಬಿಗಿದು ಅರದಲ್ಲಿ ಇಳಿಸುತ್ತಾ ಬನ್ನಿ. ಎರಡೂ ಕಡೆ ಅರ ಜಾರಲು ಶುರುವಾದರೆ ಕೆಲಸ ಮುಗಿಯಿತು. ಸುಮ್ನೆ ಗೆರೆ ಎಳೆಯಲು ಮಾತ್ರ ಆದರೆ ನಿಮ್ಮ ಮೈಲ್ಡ್ ಸ್ಟೀಲೇ ಸಾಕು, ಇಷ್ಟೆಲ್ಲ ಯಾಕೆ?

ಇನ್ನೊಂದು, ಬೆಲ್ಟಿಗೆ ಉಕ್ಕು ತಾಗಿದರೆ ಕಿಡಿ ಏಳುತ್ತದೆ. ಧೂಳು ಎಳೆಯುವ ಚೀಲದಲ್ಲಿ ಮರದ ಹುಡಿ ತುಂಬಿರುತ್ತದೆ. ನನ್ನದು ಒಂದು ಸಲ ಒಳಗೊಳಗೇ ಹೊಗೆಯಾಡಿ, ರಾತ್ರಿ ವಾಸನೆ ಬಂದಮೇಲೆ ಗೊತ್ತಾಯಿತು.

ಹಿಡಿಹುಚ್ಚ:
ಕಿಡಿ ನೋಡಿ ಖುಷಿಪಡುತ್ತಿದ್ದೆ, ಗೆರೆ ಮುಟ್ಟಿತು ಅಂತ! ಚೀಲ ಇವತ್ತೇ ಖಾಲಿ ಮಾಡಿದೆ. ಓ-1ರಲ್ಲಿ ಎರಡು ಮಾಡಿದೆ. ಒಂದು ನೆಟ್ಟಗಿದೆ, ಇನ್ನೊಂದು ಎಣ್ಣೆಯಿಂದ ತೆಗೆದಾಗ ಬಾಳೆಕಾಯಿ ಆಗಿತ್ತು. ಹದ ಮಾಡಿದರೂ ಹಾಗೇ ಇದೆ. ಬಡಿದು ನೆಟ್ಟಗೆ ಮಾಡಲಾ?

ಅರಗರಗಸ:
ಸುತ್ತಿಗೆ ಮುಟ್ಟಬೇಡಿ ಮಾರಾಯ್ರೇ, ಎರಡು ತುಂಡಾಗುತ್ತದೆ. ದಪ್ಪ ಕಬ್ಬಿಣದ ಪಟ್ಟಿಯ ಮೇಲೆ ಉಬ್ಬು ಮೇಲಾಗುವಂತೆ ಇಟ್ಟು, ಎರಡು ತುದಿಯ ಕೆಳಗೂ ಒಂದೊಂದು ನಾಣ್ಯ ಕೊಟ್ಟು, ಉಬ್ಬನ್ನು ಕ್ಲ್ಯಾಂಪಿನಿಂದ ನೆಟ್ಟಗಿಂತ ಒಂದು ಚೂರು ಕೆಳಕ್ಕೆ ಒತ್ತಿ. ಹಾಗೇ ಓವನ್‌ಗೆ, ಮೊದಲಿಗಿಂತ 15–20 ಡಿಗ್ರಿ ಜಾಸ್ತಿ, ಎರಡು ಗಂಟೆ. ಪೂರ್ತಿ ಆರಿದ ಮೇಲೇ ಬಿಚ್ಚಿ. ಒಂದೇ ಸಲಕ್ಕೆ ಬರದಿದ್ದರೆ ಇನ್ನೊಂದು ಸಲ.

ಹಿಡಿಹುಚ್ಚ:
ಎರಡನೇ ಸಲಕ್ಕೆ ಬಂತು. ಹೊಸ ಅರ ಎಳೆದು ನೋಡಿದೆ, ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಬಡಕಲು ಹಿಡಿಗಳನ್ನು ಏನು ಮಾಡುವುದು ಅಂತ ಮಾತ್ರ ಗೊತ್ತಾಗುತ್ತಿಲ್ಲ.

ಧೂಳುಮೂಗು:
ಚಿಕ್ಕ ಕೈಯವರಿಗೆ ಕೊಡಿ.