ಅಪ್‌ಡೇಟ್: ಬಿಆರ್‌ಸಿಎ1 ಇದ್ದರೆ ಮಗು ಮೊದಲಾ, ಆಪರೇಷನ್ ಮೊದಲಾ?

ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು, ನನಗೂ ಬಿಆರ್‌ಸಿಎ1 ದೋಷ (ಸ್ತನ, ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ, ವಂಶದಲ್ಲಿ ಬರುವ ಜೀನ್ ದೋಷ) ಇದೆ, ವಯಸ್ಸು 31, ಏನು ಮಾಡಲಿ ಅಂತ ಕೇಳಿದ್ದೆ. ಈಗ ತೀರ್ಮಾನ ಮಾಡಿದ್ದೇವೆ. ಮಗು ಮೊದಲು.

ಜೆನೆಟಿಕ್ ಕೌನ್ಸೆಲರ್ ಹಾಳೆ ಮೇಲೆ ನಮ್ಮ ಮನೆತನ ಬರೆದರು. ಹೆಣ್ಣಿಗೆ ದುಂಡು, ಗಂಡಿಗೆ ಚೌಕ. ಅಮ್ಮನ ದುಂಡಿಗೆ, ಅಜ್ಜಿಯ ದುಂಡಿಗೆ ಕಪ್ಪು ಬಳಿದರು. ಈ ದೋಷ ಇರುವ 100 ಹೆಂಗಸರಲ್ಲಿ ಸುಮಾರು 44 ಜನರಿಗೆ 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುತ್ತದಂತೆ. ಸ್ಕ್ಯಾನ್ ಅದನ್ನು ಬೇಗ ಹಿಡಿಯುತ್ತದೆ ಅಂತ ನಂಬುವ ಹಾಗಿಲ್ಲ. ಅದಕ್ಕೇ ಮಕ್ಕಳಾದ ಮೇಲೆ, 35ರಿಂದ 40ರೊಳಗೆ ಅಂಡಾಶಯ, ಅಂಡನಾಳ ಎರಡೂ ಆಪರೇಷನ್ ಮಾಡಿ ತೆಗೆಸಿ ಅಂತಾರೆ. ನನಗೆ ಸಮಯ ಇದೆ, ಜಾಸ್ತಿ ಇಲ್ಲ.

ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಐವಿಎಫ್ ಮಾಡಿಸಿ, 5ನೇ ದಿನದ ಭ್ರೂಣದಿಂದ ಕೆಲವು ಕೋಶ ತೆಗೆದು ಪರೀಕ್ಷೆ ಮಾಡಿ, ದೋಷ ಇಲ್ಲದ ಭ್ರೂಣವನ್ನೇ ಗರ್ಭಕ್ಕೆ ಹಾಕಿಸಿಕೊಳ್ಳಬಹುದು. ಆ ದಾರಿ ಹಿಡಿದವರ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ನಮಗೆ ಬೇಡ ಅನ್ನಿಸಿತು. ಇದೇ ದೋಷ ಹೊತ್ತು ಹುಟ್ಟಿದವಳು ನಾನು, ಹುಟ್ಟಿದ್ದಕ್ಕೆ ಖುಷಿಯಾಗಿಯೇ ಇದ್ದೇನೆ ಅಲ್ವಾ?

ಸ್ತನದ ಕ್ಯಾನ್ಸರ್ ಇದೆಯಾ ಅಂತ ನೋಡಲು ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಕೊಟ್ಟು ಎಂಆರ್‌ಐ ಮಾಡುತ್ತಾರೆ, ಗರ್ಭಿಣಿಯರಿಗೆ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಹಾಗಾಗಿ ಸ್ತನದ ಎಂಆರ್‌ಐ ಈಗಲೇ ಮಾಡಿಸಿಕೊಂಡೆ, ಏನೂ ಇಲ್ಲ. ತಂಗಿ ಇನ್ನೂ ಟೆಸ್ಟ್ ಮಾಡಿಸಿಲ್ಲ. ಅವಳ ಮದುವೆ ಮಾತುಕತೆ ನಡೀತಿದೆ, ನಾನು ಒತ್ತಾಯ ಮಾಡಿಲ್ಲ.