ಸಹಾಯ ಬೇಕು: ಮೌಂಟ್ ಆಗುವ ಮೊದಲೇ ಸ್ಕ್ರಿಪ್ಟ್ ಶುರುವಾಗುತ್ತಿದೆ

ನಮಸ್ಕಾರ. ಡೆಬಿಯನ್ 12 (ಲಿನಕ್ಸ್) ಇರುವ ಒಂದು ಹಳೆಯ ಕಂಪ್ಯೂಟರ್. ಬೂಟ್ ಆಗುವಾಗ ಸಿಸ್ಟಮ್‌ಡಿ (ಉಳಿದ ಪ್ರೋಗ್ರಾಂಗಳನ್ನು ಶುರು ಮಾಡುವ ಪ್ರೋಗ್ರಾಂ) ನನ್ನ ಬ್ಯಾಕಪ್ ಸ್ಕ್ರಿಪ್ಟನ್ನು ಒಂದು ಸರ್ವಿಸ್ ಆಗಿ ಶುರು ಮಾಡುತ್ತದೆ. ಫೈಲುಗಳು ಹೋಗಬೇಕಾದದ್ದು ಇನ್ನೊಂದು ಕೋಣೆಯ ಸರ್ವರ್‌ಗೆ. ಸರ್ವರ್‌ನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಇಲ್ಲಿನ ಒಂದು ಖಾಲಿ ಫೋಲ್ಡರಿಗೆ ಜೋಡಿಸುವ (ಎನ್‌ಎಫ್‌ಎಸ್ ಮೌಂಟ್) ಸಾಲು, ಮೌಂಟ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿದೆ. ಆದರೆ ಸ್ಕ್ರಿಪ್ಟಿಗೆ ಕಾಯುವ ತಾಳ್ಮೆಯೇ ಇಲ್ಲ. ಮೌಂಟ್ ಆಗುವ ಮೊದಲೇ ಖಾಲಿ ಫೋಲ್ಡರಿಗೆ, ಅಂದರೆ ಇದೇ ಯಂತ್ರದ ಡಿಸ್ಕಿಗೆ, ಎಲ್ಲವನ್ನೂ ಸುರಿಯುತ್ತದೆ. ಆಮೇಲೆ ಮೌಂಟ್ ಆದಾಗ ಆ ಫೈಲುಗಳು ಅದರಡಿ ಮರೆಯಾಗುತ್ತವೆ. ಲಾಗ್‌ನಲ್ಲಿ ಒಂದು ದೋಷವೂ ಕಾಣುವುದಿಲ್ಲ, ಡಿಸ್ಕ್ ಮಾತ್ರ ತುಂಬುತ್ತಿದೆ!

ಸರ್ವಿಸ್ ಯಾವುದರ ನಂತರ ಶುರುವಾಗಬೇಕು ಎಂದು ಹೇಳುವ 'ಆಫ್ಟರ್' ಸಾಲಿನಲ್ಲಿ ನೆಟ್‌ವರ್ಕ್ ಟಾರ್ಗೆಟ್ (ಟಾರ್ಗೆಟ್ ಅಂದರೆ ಬೂಟ್‌ನ ಒಂದು ಹಂತ) ಹಾಕಿದೆ. ಅದು ಸಂಪರ್ಕ ಸಿಗುವವರೆಗೆ ಕಾಯುವುದೇ ಇಲ್ಲ. ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟನ್ನು 'ವಾಂಟ್ಸ್' (ಅದನ್ನೂ ಶುರು ಮಾಡು ಎನ್ನುವ ಸಾಲು) ಸಮೇತ ಹಾಕಿದೆ, ನೆಟ್‌ವರ್ಕ್ ಮೌಂಟ್‌ಗಳ ಹಂತವಾದ ರಿಮೋಟ್-ಎಫ್‌ಎಸ್ ಟಾರ್ಗೆಟನ್ನೂ ಸೇರಿಸಿದೆ. ಫಲವಿಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ 'ನೋಫೇಲ್' (ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಯಲಿ ಎನ್ನುವ ಆಯ್ಕೆ) ಇದ್ದರೆ ರಿಮೋಟ್-ಎಫ್‌ಎಸ್ ಆ ಮೌಂಟಿಗಾಗಿ ಕಾಯುವುದಿಲ್ಲ ಎಂದು ಕೈಪಿಡಿಯಲ್ಲಿ ಓದಿದೆ. 'ನೋಫೇಲ್' ತೆಗೆದರೆ, ಸರ್ವರ್ ಆಫ್ ಇದ್ದ ದಿನ ಮೌಂಟ್ ಪ್ರಯತ್ನ ಮುಗಿಯುವವರೆಗೆ ಲಾಗಿನ್ ಪರದೆ ಬಾರದೆ ಕೂರಬೇಕಾಗುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವುದು ಅಪರೂಪವೇನಲ್ಲ.

ಕೊನೆಗೆ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' (ಈ ಫೋಲ್ಡರಿನ ಮೌಂಟ್ ಮೊದಲು ಆಗಲೇಬೇಕು ಎನ್ನುವ ಸಾಲು) ಹಾಕಿದ ಮೇಲೆ ಕ್ರಮ ಸರಿಹೋಯಿತು. ಈಗ ಬೇರೆ ತೊಡಕು: ಬೂಟ್ ಸಮಯದಲ್ಲಿ ಸರ್ವರ್ ಸಿಗದಿದ್ದರೆ ಮೌಂಟ್ ವಿಫಲವಾಗುತ್ತದೆ, ಜೊತೆಗೆ ಸರ್ವಿಸ್ ಕೂಡ. ಅನಂತರ ನಾನೇ ಮೌಂಟ್ ಮಾಡಿದರೂ ಸರ್ವಿಸ್ ತಾನಾಗಿ ಏಳುವುದಿಲ್ಲ.

ನನ್ನ ಪ್ರಶ್ನೆ ಇಷ್ಟು: ಸರ್ವಿಸ್ ಯಾವುದರ ಜೊತೆ ಶುರುವಾಗಬೇಕು ಎಂದು ಹೇಳುವ 'ವಾಂಟೆಡ್‌ಬೈ' ಸಾಲಿನಲ್ಲಿ ಮಲ್ಟಿ-ಯೂಸರ್ ಟಾರ್ಗೆಟ್ (ಮಾಮೂಲಿ ಬೂಟ್ ಹಂತ) ಬದಲು ಆ ಮೌಂಟ್ ಯೂನಿಟ್ಟಿನ (ಸಿಸ್ಟಮ್‌ಡಿಯಲ್ಲಿ ಆ ಮೌಂಟಿನ ನಮೂದು) ಹೆಸರನ್ನೇ ಕೊಟ್ಟರೆ, ಮೌಂಟ್ ಯಾವಾಗ ಆದರೂ ಸರ್ವಿಸ್ ಶುರುವಾಗುತ್ತದೆಯೇ? ಅಥವಾ ಆಟೋಮೌಂಟ್ (ಫೋಲ್ಡರನ್ನು ತೆರೆದಾಗಷ್ಟೇ ಮೌಂಟ್ ಮಾಡುವುದು) ಬಳಸುವುದು ಒಳ್ಳೆಯದೇ? ಆಟೋಮೌಂಟ್ ಬಳಸಿದವರು, ಸರ್ವರ್ ಆಫ್ ಇದ್ದಾಗ ಸ್ಕ್ರಿಪ್ಟ್ ಅಲ್ಲೇ ಸಿಕ್ಕಿಬೀಳುತ್ತದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.