ಆಫೀಸಿಗೆ ಐದು ಶರ್ಟ್ ಬೇಕು, ನಿಮ್ಮ ಅನುಭವ ಹೇಳಿ

ಉದ್ದತೋಳು: ಮುಂದಿನ ತಿಂಗಳು ಹೊಸ ಕೆಲಸ. ದಿನಾ ಫಾರ್ಮಲ್ ಶರ್ಟ್ ಹಾಕಬೇಕಂತೆ. ನನಗೆ ಕುತ್ತಿಗೆ ಸರಿಹೋದರೆ ತೋಳು ಗಿಡ್ಡ, ತೋಳು ಸರಿಹೋದರೆ ಹೊಟ್ಟೆ ಹತ್ತಿರ ಗುಡಾರ. ಒಗೆಯುವುದು, ಇಸ್ತ್ರಿ ಎಲ್ಲ ನಾನೇ. ರೆಡಿಮೇಡ್ ತಗೊಳ್ಳಲಾ, ಹೊಲಿಸಲಾ?

ಇಸ್ತ್ರಿಭಕ್ತ: ಇಸ್ತ್ರಿ ಬೇಡ ಅನ್ನುವ ನಾನ್-ಐರನ್ ಶರ್ಟ್ ಕಡೆ ತಲೆ ಹಾಕಿಯೂ ಮಲಗಬೇಡಿ. ನಾನು ಒಂದೇ ಸಲ ಆರು ತಂದೆ. ಮಾಮೂಲಿ ಶರ್ಟಿನ ಒಂದೂವರೆ ಪಟ್ಟು ದುಡ್ಡು, ಅಂದರೆ ಒಂಬತ್ತು ಶರ್ಟಿನ ಹಣ. ಮೊದಲ ಆರು ತಿಂಗಳು ಸುಖವೋ ಸುಖ. ಆಮೇಲೆ ನೀಲಿ ಶರ್ಟಿನ ಕಾಲರ್ ಮಡಿಕೆಯಲ್ಲೇ ಸೀಳಿತು. ಹದಿನೈದು ದಿನಕ್ಕೆ ಇನ್ನೊಂದರ ಕಫ್. ವರ್ಷ ತುಂಬುವಾಗ ಉಳಿದದ್ದು ಎರಡು. ಸುಕ್ಕು ಬೀಳದಿರಲಿ ಅಂತ ಹತ್ತಿಗೆ ರಾಳ ಹಿಡಿಸಿರುತ್ತಾರೆ. ಅದು ನಾರನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ, ಬಟ್ಟೆಯ ಜೀವವೇ ಹೋಗುತ್ತದೆ. ಈಗ ಬರೀ ಸಾದಾ ಹತ್ತಿ. ಸ್ವಲ್ಪ ಒದ್ದೆ ಇರುವಾಗಲೇ ಇಸ್ತ್ರಿ ಹಾಕಿದರೆ ಒಂದಕ್ಕೆ ಐದು ನಿಮಿಷ.

ಮೂರುವರ್ಷ: ಸುಮ್ನೆ ಹೆದರಿಸಬೇಡಿ ಸಾರ್. ನನ್ನದು ನಾನ್-ಐರನ್ನೇ. ವಾರಕ್ಕೊಂದು ಸಲದಂತೆ ಮೂರು ವರ್ಷ, ಒಗೆದದ್ದು 150 ಸಲ ದಾಟಿದೆ. ಒಂದು ನೂಲು ಕಿತ್ತಿಲ್ಲ. ನೀವು ಡ್ರೈಯರ್‌ನಲ್ಲಿ ಹುರಿದಿರಬೇಕು. ಐದು ನಿಮಿಷದಂತೆ ವಾರಕ್ಕೆ ಐದು ಶರ್ಟ್, ವರ್ಷಕ್ಕೆ 21 ಗಂಟೆ ಇಸ್ತ್ರಿ ಪೆಟ್ಟಿಗೆ ಮುಂದೆ ನಿಲ್ಲುತ್ತೀರಿ. ಅದಕ್ಕೆ ಬೆಲೆ ಇಲ್ವಾ?

ಇಸ್ತ್ರಿಭಕ್ತ: ಡ್ರೈಯರ್ ನಮ್ಮ ಮನೆಯಲ್ಲೇ ಇಲ್ಲ. ನಿಮ್ಮ 150ರ ಲೆಕ್ಕ ಬರೆದಿಟ್ಟಿದ್ದೀರಾ?

ಮೂರುವರ್ಷ: ಹೌದು, ಬರೆದಿಟ್ಟಿದ್ದೇನೆ.

ದಾರದಮೋಹ: ನಾನು ಹಾಳಾದದ್ದು ನೂಲಿನ ನಂಬರಿನಿಂದ. 80, 100, 120 ಅಂತ ಇರುತ್ತಲ್ಲ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 140ರದ್ದು ತಂದೆ. ಕೈಗೆ ರೇಷ್ಮೆ. ಹಾಕಿ ಕಾರಿನಲ್ಲಿ ಕೂತರೆ ಇಳಿಯುವಷ್ಟರಲ್ಲಿ ಬೆನ್ನೆಲ್ಲ ಸುಕ್ಕು. ಎಂಟನೇ ತಿಂಗಳು ಮೇಜಿನ ಅಂಚಿಗೆ ತಾಗಿ ತಾಗಿ ಮೊಣಕೈ ಹತ್ತಿರ ತೆಳುವಾಯಿತು, ಹೋಯಿತು. ಆ ನಂಬರ್ ನೂಲು ಎಷ್ಟು ಸಣ್ಣದು ಅಂತ ಹೇಳುತ್ತದೆ, ಎಷ್ಟು ಗಟ್ಟಿ ಅಂತ ಅಲ್ಲ. ಅದೇ ವಾರ ತಂದ 80ರ ಟೂ-ಪ್ಲೈ ಶರ್ಟ್ ಇವತ್ತೂ ಹಾಕಿದ್ದೇನೆ. ಎರಡೆಳೆ ಹೊಸೆದ ನೂಲು ಅದು. ಅರ್ಧ ದುಡ್ಡಿನದ್ದು, ಹೊಟ್ಟೆ ಉರಿಯುತ್ತದೆ.

ಹೊಲಿಸಿದವ: ರೆಡಿಮೇಡ್‌ನವರೆಲ್ಲ ಅಳುತ್ತಿದ್ದೀರಿ ಅಲ್ವಾ? ನಾನೂ ಅತ್ತವನೇ. ಐದು ಶರ್ಟಿನ ಬಟ್ಟೆ ತಂದು ಐದನ್ನೂ ಒಟ್ಟಿಗೆ ಕತ್ತರಿಸಲು ಕೊಟ್ಟೆ. ಟ್ರಯಲ್ ನೋಡಿದಾಗ ತೋಳು ಮಣಿಕಟ್ಟಿಗೆ ಸರಿಯಾಗಿತ್ತು. ಮೂರು ಒಗೆತಕ್ಕೆ ಒಂದಿಂಚು ಮೇಲೆ. 24 ಇಂಚಿನ ತೋಳು ನೂರಕ್ಕೆ ನಾಲ್ಕು ಕುಗ್ಗಿದರೆ ಒಂದಿಂಚು ಹೋಯಿತು ಅಂತಲೇ ಲೆಕ್ಕ. ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿ ಕೊಡಬೇಕಿತ್ತು. ಟೈಲರ್ ಕೇಳಿದ್ದ, ನಾನೇ ಅವಸರ ಮಾಡಿದೆ. ಐದೂ ತಮ್ಮನಿಗೆ ಹೋದವು. ಎರಡನೇ ಸಲ ಒಂದೇ ಹೊಲಿಸಿ, ತಿಂಗಳು ಹಾಕಿ, ಭುಜ ಅರ್ಧ ಇಂಚು ಒಳಗೆ ತೆಗೆಸಿ, ಆಮೇಲೆ ನಾಲ್ಕು ಹೊಲಿಸಿದೆ. ಈಗ ನನ್ನ ಭುಜದ ಹೊಲಿಗೆ ಮೂಳೆಯ ತುದಿಗೇ ಕೂರುತ್ತದೆ. ಯಾವ ಅಂಗಡಿ ಶರ್ಟೂ ಹಾಗೆ ಕೂರಲ್ಲ.

ದಾರದಮೋಹ: ಕಾಲರ್ ಗಟ್ಟಿ ನಿಲ್ಲಲು ಒಳಗೆ ಇಡುವ ಬಟ್ಟೆ, ಬಕ್ರಂ, ಯಾವುದು? ಅಂಟಿಸಿದ್ದೋ ಹೊಲಿದದ್ದೋ?

ಹೊಲಿಸಿದವ: ಹೊಲಿದದ್ದು. ಅಂಟಿಸಿದ್ದು ಗುಳ್ಳೆ ಏಳುತ್ತದೆ.

ಮೂರುವರ್ಷ: ಅಂಟು ಚೆನ್ನಾಗಿದ್ದರೆ ಏಳಲ್ಲ. ಹೊಲಿದ ಕಾಲರ್‌ಗೆ ಇಸ್ತ್ರಿ ಹಾಕುವುದೇ ಒಂದು ಶಿಕ್ಷೆ. ಹೊಸಬರಿಗೆ ಅದನ್ನೂ ಹೇಳಿ.

ಬಿಳಿಮಾತ್ರ: ಬಿಳಿ ಶರ್ಟ್ ತಗೊಳ್ಳುವವರು ಕಂಕುಳ ಕಲೆ ನೆನಪಿಡಿ. ಹಳದಿ ಬಂತು ಅಂತ ಕ್ಲೋರಿನ್ ಬ್ಲೀಚ್ ಹಾಕಿದೆ. ಇನ್ನೂ ಹಳದಿ ಆಯಿತು. ಮತ್ತೆ ಹಾಕಿದೆ. ನಾಲ್ಕು ಶರ್ಟ್ ನೆಲ ಒರೆಸಲು ಹೋದವು. ಬೆವರು ತಡೆಯುವ ಸ್ಟಿಕ್‌ನಲ್ಲಿನ ಅಲ್ಯೂಮಿನಿಯಂ ಬೆವರಿನ ಜೊತೆ ಸೇರಿ ಆಗುವ ಕಲೆಯಂತೆ. ಈಗ ಸ್ಟಿಕ್ ಒಣಗಿದ ಮೇಲೇ ಶರ್ಟ್ ಹಾಕುತ್ತೇನೆ.

ಇಸ್ತ್ರಿಭಕ್ತ: ಒಂದು ಸಲ ಕೆಟ್ಟ ಮೇಲೂ ಮೂರು ಶರ್ಟಿಗೆ ಬ್ಲೀಚ್ ಹಾಕಿದ್ರಾ?

ಬಿಳಿಮಾತ್ರ: ನಿಮ್ಮ ಹರಿದ ಶರ್ಟುಗಳ ಕಥೆ ನಾನು ಸುಮ್ಮನೆ ಕೇಳಲಿಲ್ವಾ?

ಉದ್ದತೋಳು: ಎಲ್ಲರಿಗೂ ಥ್ಯಾಂಕ್ಸ್. ನನ್ನ ತೋಳಿನ ವಿಷಯ ಯಾರೂ ಹೇಳಲಿಲ್ಲ.

ದಾರದಮೋಹ: ರೆಡಿಮೇಡ್‌ನಲ್ಲೇ ಕುತ್ತಿಗೆ, ತೋಳು ಎರಡರ ಅಳತೆಯೂ ಬೇರೆ ಬೇರೆ ಬರೆದಿರುವುದು ಸಿಗುತ್ತದೆ. ಬರೀ 40, 42 ಅಂತ ಇರುವುದನ್ನು ಬಿಡಿ. ಹೊಟ್ಟೆ ಹತ್ತಿರ ಆಮೇಲೆ ಹಿಡಿಸಬಹುದು. ತೋಳು ಉದ್ದ ಮಾಡಲು ಬರಲ್ಲ.

ಹೊಲಿಸಿದವ: ಅದೆಲ್ಲ ತೇಪೆ ಕೆಲಸ. ಒಂದು ಹೊಲಿಸಿ, ಮೂರು ಸಲ ಒಗೆಯಿರಿ, ಸರಿಹೋದರೆ ಮಿಕ್ಕ ನಾಲ್ಕು.

ಮೂರುವರ್ಷ: ಸ್ವಾಮಿ, ಅವರು ಕೆಲಸಕ್ಕೆ ಸೇರುವುದು ಮುಂದಿನ ತಿಂಗಳು.